ಡಿಗ್ರಿ ಎಣ್ಣೆ ಅಳೆದದ್ದು

ಹಾಲು ಅಳೆಯುವವನ ಕೈಗೆ ಲಾರಿ ಕೊಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇದುವರೆಗೆ ಯಾವ ವಿಶ್ವವಿದ್ಯಾಲಯವೂ ಕೈಗೆತ್ತಿಕೊಂಡಿಲ್ಲ. ನಮ್ಮ ಬೀದಿ ಕೈಗೆತ್ತಿಕೊಂಡಿತು. ಅದರ ಫಲಿತಾಂಶ ಹೇಳಲು ನನಗಿಂತ ಅರ್ಹನಾದವನು ಇಲ್ಲ, ಏಕೆಂದರೆ ನಾನು ಟೈಲರ್. ನನ್ನ ಹೊಲಿಗೆ ಮಿಷನ್ನು ಕಿಟಕಿಗೆ ಮುಖ ಮಾಡಿದೆ, ಕಿಟಕಿ ಎದುರುಮನೆಯ ಅಂಗಳಕ್ಕೆ ಮುಖ ಮಾಡಿದೆ. ಇಪ್ಪತ್ತಾರು ವರ್ಷದಿಂದ ಒಂದು ಕಣ್ಣು ಬಟ್ಟೆಯ ಮೇಲೆ, ಒಂದು ಕಣ್ಣು ಆ ಅಂಗಳದ ಮೇಲೆ ಇಟ್ಟುಕೊಂಡೇ ಬದುಕಿದ್ದೇನೆ. ನಾನು ಹೊಲಿದ ಕಾಲರು ಆಗಾಗ ಸೊಟ್ಟಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆ ಅಂಗಳದಲ್ಲಿ ಒಂದು ಲಾರಿ ನಿಲ್ಲುತ್ತಿತ್ತು. ಅದರ ಯಜಮಾನನನ್ನು ನಾವೆಲ್ಲ ಲಾರಿಯಣ್ಣ ಎನ್ನುತ್ತಿದ್ದೆವು, ಅವನ ಹೆಂಡತಿ ಬೀದಿಗೆಲ್ಲ ಅತ್ತಿಗೆ. ಕ್ವಾರಿಯಲ್ಲಿ ಕಲ್ಲು ತುಂಬಿಕೊಂಡು, ಏಳು ತಿರುವಿನ ಏರು ಹತ್ತಿ, ಮೇಲಿನ ಜಲ್ಲಿ ಕ್ರಷರಿಗೆ ಸುರಿದು ಬರುವುದು ಲಾರಿಯಣ್ಣನ ಕೆಲಸ. ದಿನಕ್ಕೆ ಆರು ಸಲ, ಹತ್ತೊಂಬತ್ತು ವರ್ಷ, ಒಂದೇ ಲಾರಿ. ಬೆಳಗ್ಗೆ ಆರಕ್ಕೆ ಅದು ಸ್ಟಾರ್ಟ್ ಆದರೆ ಆ ಲಟಲಟ ಸದ್ದಿಗೆ ನನ್ನ ಡಬ್ಬಿಯ ಗುಂಡಿಗಳೆಲ್ಲ ಕುಣಿಯುತ್ತಿದ್ದವು. ಬೀದಿಯಲ್ಲಿ ಯಾರೂ ಅಲಾರಂ ಇಟ್ಟುಕೊಂಡವರಲ್ಲ. ಬೈದುಕೊಂಡು ಏಳುತ್ತಿದ್ದೆವು, ಆದರೆ ಹೊತ್ತಿಗೆ ಸರಿಯಾಗಿ ಏಳುತ್ತಿದ್ದೆವು.

ಒಂದು ದಿನ ಏರಿನ ಐದನೆಯ ತಿರುವಿನಲ್ಲಿ ಅವನ ಬಲಗೈ ಸ್ಟೇರಿಂಗಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಎಡಗೈಯಲ್ಲೇ ಹೇಗೋ ಗಾಡಿ ನಿಲ್ಲಿಸಿದನಂತೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಮಂಚವನ್ನು ಅಂಗಳದ ಕಿಟಕಿಗೆ ಹಾಕಿಸಿದರು. ಇಪ್ಪತ್ತೇಳು ವರ್ಷದ ಮಗಳು ಅಪ್ಪನ ಪಕ್ಕ ಕೂತೇ ಗೇರು ಕಲಿತವಳು. ಮೂರನೆಯ ದಿನ ಕಣ್ಣೊರೆಸಿಕೊಂಡು ತಾನೇ ಲಾರಿ ಹತ್ತಿದಳು. ಆ ಮನೆಯಲ್ಲಿ ಒಲೆ ಉರಿಯಬೇಕಾದರೆ ಲಾರಿ ಏರು ಹತ್ತಲೇಬೇಕಿತ್ತು. ಆಸ್ಪತ್ರೆಯ ವರಾಂಡದಲ್ಲಿ ಯಾರೋ, ಇನ್ನು ಲಾರಿ ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ಒಬ್ಬ ಎದೆ ಮುಂದೆ ಮಾಡಿ, ನಾನಿದ್ದೀನಲ್ಲ ಎಂದ. ಅವನೇ ಲಾರಿಯಣ್ಣನ ತಮ್ಮ, ಡಿಗ್ರಿ.

ಡಿಗ್ರಿ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ಹಾಲಿಗೆ ಬಿಟ್ಟು, ಇಪ್ಪತ್ತೆಂಟು ಡಿಗ್ರಿ, ಇಪ್ಪತ್ತಾರು ಡಿಗ್ರಿ ಎಂದು ಕೂಗಿ ಹೇಳುವುದು ಅವನ ಇಪ್ಪತ್ತೇಳು ವರ್ಷದ ಸೇವೆ. ಅದರಿಂದಲೇ ಆ ಹೆಸರು. ಹೊಸದಾಗಿ ಬೀದಿಗೆ ಬಂದವರು ಅವನು ಯಾವುದೋ ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆದವನು ಎಂದುಕೊಂಡು ಅರ್ಜಿ ಬರೆಸಿಕೊಳ್ಳಲು ಬರುತ್ತಿದ್ದರು. ಅವನು ತಿದ್ದುತ್ತಿರಲಿಲ್ಲ, ಅರ್ಜಿ ಬರೆದುಕೊಡುತ್ತಿದ್ದ. ಆ ಗಾಜಿನ ಕಡ್ಡಿ ಸದಾ ಅವನ ಜೇಬಿನಲ್ಲೇ ಇರುತ್ತಿತ್ತು. ಅದಕ್ಕಾಗಿ ಅವನ ಅಂಗಿಗೆಲ್ಲ ಒಂದು ಉದ್ದನೆಯ ಜೇಬು ಇಡುತ್ತಿದ್ದವನು ನಾನು. ಒಳ್ಳೆಯ ಮನುಷ್ಯ, ಅಣ್ಣನೆಂದರೆ ಪ್ರಾಣ. ಆದರೆ ಇಪ್ಪತ್ತೇಳು ವರ್ಷ ಒಂದೇ ಕೆಲಸ ಮಾಡಿ ಅವನ ತಲೆಯಲ್ಲಿ ಒಂದೇ ನ್ಯಾಯ ಉಳಿದಿತ್ತು: ಗಟ್ಟಿಯಾದದ್ದು ಪ್ರಾಮಾಣಿಕ, ತೆಳುವಾದದ್ದು ಮೋಸ.

ಇನ್ನೊಬ್ಬನನ್ನು ಹೇಳಿಬಿಟ್ಟರೆ ಜನ ಮುಗಿದರು. ಬೀದಿಯ ಕೊನೆಯ ಶೆಡ್ಡಿನ ಮೆಕ್ಯಾನಿಕ್ಕನ್ನು ನಾವು ಮೇಸ್ತ್ರಿ ಎನ್ನುತ್ತೇವೆ. ಆ ಲಾರಿಯ ಹೊಟ್ಟೆಯೊಳಗೆ ಅವನ ಕೈ ಆಡದ ಜಾಗವಿಲ್ಲ. ಲಾರಿಯಣ್ಣ ಮಲಗಿದ ಮೇಲೆ ದಿನಾ ಸಂಜೆ ಆರಕ್ಕೆ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಇವತ್ತು ಯಾವ ಗಾಡಿ ಬಂತು, ಏನಾಗಿತ್ತು, ಯಾವ ನಟ್ಟು ಜಾಮ್ ಆಗಿತ್ತು ಎಂದು ಒಂದು ಗಂಟೆ ಹೇಳುತ್ತಿದ್ದ. ಬೇರೆ ಯಾರು ಬಂದರೂ ಮುಖ ಗೋಡೆಗೆ ತಿರುಗಿಸುತ್ತಿದ್ದ ಲಾರಿಯಣ್ಣ, ಆ ಒಂದು ಗಂಟೆ ಮಾತ್ರ ಮೇಸ್ತ್ರಿಯ ಬಾಯಿಯನ್ನೇ ನೋಡುತ್ತಿದ್ದ. ಕಾರ್ಬನ್ ಕಟ್ಟಿದ ನಾಜಲ್ಲಿನ ವಿಷಯ ಕೇಳಿ ಒಮ್ಮೆ ನಕ್ಕನೆಂದು ಅತ್ತಿಗೆ ನನಗೆ ಹೇಳಿದ್ದರು.

ಚಳಿ ಶುರುವಾಗುವ ಹೊತ್ತಿಗೆ ಲಾರಿಗೆ ಎಂಜಿನ್ ಆಯಿಲ್ ಬದಲಿಸುವ ದಿನ ಬಂತು. ಜವಾಬ್ದಾರಿ ತಲೆ ಮೇಲೆ ಹೊತ್ತ ಡಿಗ್ರಿ ಡೇರಿಗೆ ಅರ್ಧ ದಿನ ರಜೆ ಹಾಕಿ, ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಹೋದ.

ಮೇಸ್ತ್ರಿ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿ ಎಳೆದು, ಅದರ ತುದಿಯ ತೊಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಅರ್ಧ ಮುಚ್ಚಿ ಮೆಲ್ಲಗೆ ಉಜ್ಜಿದ. ಸವೆದಿದೆ ಎಂದ. ಬೆರಳಲ್ಲಿ ಅಳೆಯುವ ಕಾಲ ಹೋಯಿತು ಎಂದು ಡಿಗ್ರಿ ನನ್ನ ಕಿವಿಯಲ್ಲಿ ಹೇಳಿದ. ನಾನು ಹೂಂಗುಟ್ಟಿದೆ. ಈಗ ಅದನ್ನು ನೆನೆದರೆ ನನ್ನ ಕಿವಿಯನ್ನೇ ಹಿಂಡಿಕೊಳ್ಳಬೇಕು ಅನಿಸುತ್ತದೆ.

ಹೊಸ ಆಯಿಲಿನ ಡಬ್ಬಿ ಬಂತು. ಅದರ ಮೇಲೆ ಹದಿನೈದು, ಒಂದು ಗೆರೆ, ನಲವತ್ತು ಎಂದು ಬರೆದಿತ್ತು. ಡಿಗ್ರಿಯ ಹುಬ್ಬು ಮೇಲೇರಿತು. ಒಂದು ಡಬ್ಬಿಗೆ ಎರಡು ನಂಬರ್ ಯಾಕೆ ಎಂದು ಕೇಳಿದ.

"ಹದಿನೈದು ಬೆಳಗಿನ ಚಳಿಗೆ, ನಲವತ್ತು ಏರಿನ ಕಾವಿಗೆ," ಎಂದ ಮೇಸ್ತ್ರಿ. "ತಣ್ಣಗಿದ್ದಾಗ ಬೇಗ ಹರೀಬೇಕು, ಕಾದ ಮೇಲೆ ತೀರಾ ನೀರಾಗಬಾರದು. ನಿಮ್ಮಣ್ಣ ಚಳೀಲಿ ಇದನ್ನೇ ಹಾಕಿಸ್ತಿದ್ರು. ಬೇಸಿಗೆಗೆ ಇನ್ನೊಂದು ಚೂರು ದಪ್ಪ."

ಒಂದೇ ಕ್ಯಾನಿನ ಹಾಲು ಎರಡು ಡಿಗ್ರಿ ತೋರಿಸಿದರೆ ಡೇರಿಯಲ್ಲಿ ಅದನ್ನು ಚರಂಡಿಗೆ ಸುರಿಯುತ್ತಾರೆ. ಡಿಗ್ರಿ ಉದ್ದನೆಯ ಜೇಬಿಗೆ ಕೈಹಾಕಿ ಗಾಜಿನ ಕಡ್ಡಿ ತೆಗೆದ. ಶೆಡ್ಡಿನಲ್ಲಿ ಇನ್ನೂ ನಾಲ್ಕು ಡ್ರೈವರುಗಳಿದ್ದರು, ಅವರೂ ಹತ್ತಿರ ಬಂದರು. ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಒಳ್ಳೆಯ ಹಾಲಿನಲ್ಲಿ ಆ ಕಡ್ಡಿ ಇಪ್ಪತ್ತೆಂಟಕ್ಕೆ ತೇಲುತ್ತದೆ. ನೀರು ಬೆರೆಸಿದಷ್ಟೂ ಕೆಳಗಿಳಿಯುತ್ತದೆ. ಬರೀ ನೀರಿಗೆ ಬಿಟ್ಟರೂ ಸೊನ್ನೆಗೆ ಮಾನವಾಗಿ ನಿಲ್ಲುತ್ತದೆ. ಮೇಸ್ತ್ರಿಯ ಎಣ್ಣೆಯಲ್ಲಿ ಅದು ಎಲ್ಲೂ ನಿಲ್ಲಲಿಲ್ಲ. ಡುಳುಕ್ಕನೆ ಮುಳುಗಿ ಡಬ್ಬಿಯ ತಳಕ್ಕೆ ಟಣ್ ಎಂದು ಬಡಿಯಿತು.

ಇಪ್ಪತ್ತೇಳು ವರ್ಷದಲ್ಲಿ ಡಿಗ್ರಿ ಅಂಥ ಸದ್ದು ಕೇಳಿರಲಿಲ್ಲ. ಅವನ ಮುಖ ಬಿಳಿಚಿತು. ಇದು ನೀರಿಗಿಂತಲೂ ನೀರು ಎಂದ. ಎಣ್ಣೆ ಯಾವಾಗಲೂ ನೀರಿಗಿಂತ ಹಗುರ, ಎಂಥ ಎಣ್ಣೆಯಲ್ಲೂ ಆ ಗಾಜು ಮುಳುಗುತ್ತದೆ, ದಪ್ಪಕ್ಕೂ ತೂಕಕ್ಕೂ ಸಂಬಂಧವಿಲ್ಲ ಎಂದು ಮೇಸ್ತ್ರಿ ಹೇಳಲು ಹೋದ. ಡಿಗ್ರಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕಳ್ಳ ಹಾಲಿನವರೆಲ್ಲ ಅವನಿಗೆ ಇಂಥದೇ ಪಾಠ ಹೇಳಿದ್ದರು. ಅವನು ಡಬ್ಬಿ ಬಗ್ಗಿಸಿ ಗಾಜಿನ ಕಡ್ಡಿಯನ್ನು ಹೊರತೆಗೆದು ಜೇಬಿಗಿಟ್ಟ. ಪೆನ್ನು ತೆಗೆದು, ಡೇರಿಯಲ್ಲಿ ಮಾಡುವಂತೆಯೇ, ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 'ಕಲಬೆರಕೆ' ಎಂದು ಬರೆದು ಕೆಳಗೆ ಸಹಿ ಹಾಕಿದ.

ಮೇಸ್ತ್ರಿ ಕೂಗಾಡಲಿಲ್ಲ. ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದ. ಒರೆಸಿಕೊಂಡು ಬಂದು ಡಿಗ್ರಿಯ ಎದುರು ನಿಂತ.

"ನಿಮ್ಮಣ್ಣ ಮಾತಾಡೋ ಹಾಗಾದಾಗ ಹೇಳಿ ಕಳಿಸಿ," ಎಂದ. "ಅವರು ಕರೆದ್ರೆ ಬರ್ತೀನಿ."

ಅವತ್ತು ಸಂಜೆ ಆರಕ್ಕೆ ಸ್ಟೂಲು ಖಾಲಿ ಇತ್ತು.

ಡಿಗ್ರಿ ಪೇಟೆಗೆ ಹೋಗಿ, ಇರುವುದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಆಯಿಲ್ ಕೊಡು ಎಂದ. ಅಂಗಡಿಯವನು ಮೂಲೆಯಿಂದ ಧೂಳು ಹಿಡಿದ ಬಕೆಟ್ಟೊಂದನ್ನು ಹೊರತೆಗೆದ. ಅದರ ಮೇಲೆ ಒಂದೇ ನಂಬರು, ಅರವತ್ತು. ಆ ಒಂಟಿ ನಂಬರು ನೋಡಿ ಡಿಗ್ರಿಗೆ ಕಣ್ಣು ತುಂಬಿ ಬಂತು. ಇದು ನಿಮ್ಮ ಲಾರಿಗೂ ಈ ಚಳಿಗೂ ಆಗಿಬರುವುದಿಲ್ಲ ಎಂದು ಅಂಗಡಿಯವನು ಹೇಳಿದನಂತೆ. ಮಾರುವವನೇ ಬೇಡ ಎನ್ನುವ ಸಾಮಾನು ಒಳ್ಳೆಯದೇ ಇರಬೇಕು ಎಂದುಕೊಂಡು ಡಿಗ್ರಿ, ಅದರ ಜೊತೆಗೆ ಎಂಜಿನ್ನಿನ ಹೊಗೆ ನಿಲ್ಲಿಸುವ ಎರಡು ಬಾಟಲಿ ಟಾನಿಕ್ಕನ್ನೂ ತಂದ. ಜೇನಿಗಿಂತ ಗಟ್ಟಿಯಾದ ಟಾನಿಕ್ಕು. ಅದನ್ನು ಬಕೆಟ್ಟಿಗೆ ಸುರಿದು ಮರದ ಪಟ್ಟಿಯಿಂದ ಕದಡಿದ. ಬೀದಿಯೆಲ್ಲ ಅಂಗಳಕ್ಕೆ ಬಂದು ನೋಡಿತು. ದಪ್ಪ ಬೇಕೋ ತೆಳು ಬೇಕೋ ಎಂದು ಪೋಸ್ಟ್‌ಮಾಸ್ಟರು ಕೈ ಎತ್ತಿಸಿದರು. ದಪ್ಪಕ್ಕೆ ಹತ್ತೊಂಬತ್ತು ಕೈ, ತೆಳುವಿಗೆ ಒಂದು. ಆ ಒಂದು ಕೈ ಲಾರಿ ಓಡಿಸುವ ಮಗಳದ್ದು. ಹತ್ತೊಂಬತ್ತರಲ್ಲಿ ಒಂದು ನನ್ನದು.

ಲಾರಿ ಕುಡಿದಷ್ಟು ಕುಡಿದ ಮೇಲೆ ಬಕೆಟ್ಟಿನಲ್ಲಿ ಇನ್ನೂ ಎಂಟು ಲೀಟರ್ ಉಳಿಯಿತು. ಅದಕ್ಕೆ ಡಿಗ್ರಿ ಎಲ್ಲರೆದುರು ಲ್ಯಾಕ್ಟೋಮೀಟರ್ ಬಿಟ್ಟ. ಅದು ಗಕ್ಕನೆ ಮುಳುಗಲಿಲ್ಲ. ಮಾವನ ಮನೆಗೆ ಬಂದ ಅಳಿಯನ ಹಾಗೆ ನಿಧಾನವಾಗಿ, ಗೌರವವಾಗಿ ಇಳಿಯಿತು. ಇಪ್ಪತ್ತೆಂಟರ ಗೆರೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಡಿಗ್ರಿ ಬಗ್ಗಿ ನೋಡಿ, ಇಪ್ಪತ್ತೆಂಟು ಎಂದು ಕೂಗಿದ. ನಾವು ಚಪ್ಪಾಳೆ ತಟ್ಟಿದೆವು. ಅವನು ಅತ್ತಿಗೆಗೆ ಹೇಳಲು ಒಳಗೆ ಓಡಿದ. ಜನರೂ ಅವನ ಹಿಂದೆ ಹೋದರು.

ಆಗಲೇ ಮೇಸ್ತ್ರಿ ಗೇಟಿನ ತನಕ ಬಂದು, ಶೆಡ್ಡಿನಲ್ಲಿ ಉಳಿದಿದ್ದ ಲಾರಿಯ ಜಾಕಿಯನ್ನು ಇಟ್ಟು, ಕಿಟಕಿಯ ಕಡೆ ಒಂದು ಸಲ ನೋಡಿ ಹೊರಟುಹೋದ. ಅದನ್ನು ನಾನೂ ನೋಡಿದೆ, ಬಾಗಿಲಿಗೆ ಬಂದ ಡಿಗ್ರಿಯೂ ನೋಡಿದ. ಬಕೆಟ್ಟಿನ ಹತ್ತಿರ ಬಂದರೆ ಲ್ಯಾಕ್ಟೋಮೀಟರ್ ಇಲ್ಲ. ಇಪ್ಪತ್ತೆಂಟು ತೋರಿಸಿದ ಕಡ್ಡಿ ಮುಳುಗಿದೆಯೇ ಎಂದು ಬಕೆಟ್ಟಿನೊಳಗೆ ಹುಡುಕುವುದು ಡಿಗ್ರಿಗೆ ಹೊಳೆಯುವ ವಿಚಾರವಲ್ಲ. ಸಾಕ್ಷ್ಯ ನಾಶ ಮಾಡಲು ಮೇಸ್ತ್ರಿ ಎತ್ತಿಕೊಂಡು ಹೋಗಿದ್ದಾನೆ ಎಂದ. ಮರುದಿನ ಡೇರಿಯ ಕ್ಯೂನಲ್ಲಿ ಹೇಳಿದ. ಅದರ ಮರುದಿನ ಪೇಟೆಗೆಲ್ಲ ಗೊತ್ತಾಗಿತ್ತು.

ಇತ್ತ ಲಾರಿಯಲ್ಲಿ ಒಂದು ಪವಾಡ ನಡೆಯಿತು. ಸದ್ದು ನಿಂತಿತು. ಸವೆದ ಎಂಜಿನ್ನಿಗೆ ಗಟ್ಟಿ ಎಣ್ಣೆ ಹೊಯ್ದರೆ ಸಂದುಗೊಂದೆಲ್ಲ ತುಂಬಿ ಸದ್ದು ಅಡಗುತ್ತದೆ, ಹಳೆಯ ಗಾಡಿ ಮಾರುವವರು ಮಾಡುವ ಕೆಲಸ ಅದು ಎಂದು ಆಮೇಲೆ ತಿಳಿಯಿತು. ಆಗ ನಮಗೆ ತಿಳಿದದ್ದು ಲಾರಿಗೆ ಆರೋಗ್ಯ ಬಂದಿದೆ ಎಂದು ಮಾತ್ರ. ಆಯಿಲ್ ಪ್ರೆಶರಿನ ಮುಳ್ಳು ತುದಿಗೆ ಹೋಗಿ ನಿಂತಿತು. ಅದನ್ನು ತೋರಿಸಲು ಡಿಗ್ರಿ ದಾರಿಯಲ್ಲಿ ಹೋಗುವವರನ್ನೂ ಕ್ಯಾಬಿನ್ ಹತ್ತಿಸುತ್ತಿದ್ದ. ಗಾಡಿ ಪಾಸು ಮಾಡುವ ಇನ್‌ಸ್ಪೆಕ್ಟರ್ ಬಂದಾಗ, ಎಂಜಿನ್ ಚಾಲೂ ಇದೆ ಎಂದು ಗೊತ್ತಾಗದೆ, ಸ್ಟಾರ್ಟ್ ಮಾಡ್ರೀ ಎಂದು ಎರಡು ಸಲ ಹೇಳಿದರು. ತಮ್ಮ ಸರ್ವಿಸಿನಲ್ಲೇ ಇಷ್ಟು ಸಭ್ಯ ಲಾರಿ ನೋಡಿಲ್ಲವೆಂದು ಸರ್ಟಿಫಿಕೇಟಿಗೆ ಠಸ್ಸೆ ಒತ್ತಿದರು. ಡಿಗ್ರಿ ಅದಕ್ಕೆ ಫ್ರೇಮು ಹಾಕಿಸಿ ಅಣ್ಣನ ಮಂಚದ ಎದುರಿನ ಗೋಡೆಗೆ ಹೊಡೆದ.

ಮಗಳು ಮಾತ್ರ ಬೆಳಗ್ಗೆ ಗಾಡಿ ಏಳಲು ಒದ್ದಾಡುತ್ತದೆ, ಏರಿನಲ್ಲಿ ಮೈಭಾರ ಬಂದ ಹಾಗೆ ಎಳೆಯುತ್ತದೆ ಎಂದು ಹೇಳುತ್ತಲೇ ಇದ್ದಳು. ಡಿಗ್ರಿ ಫ್ರೇಮಿನ ಕಡೆ ಕೈ ತೋರಿಸುತ್ತಿದ್ದ. ಕೊನೆಗೆ ಅವಳು ತಾನೇ ಶೆಡ್ಡಿಗೆ ಹೋಗಿ, ಅಪ್ಪ ದಿನಾ ಸಂಜೆ ಬಾಗಿಲು ನೋಡುತ್ತಾರೆ ಬಾ ಮಾವ ಎಂದು ಕರೆದಳಂತೆ. ಕಲಬೆರಕೆ ಅಂದದ್ದನ್ನು ನುಂಗಿಕೊಳ್ಳಬಹುದು ಮಗಳೇ, ಕಳ್ಳ ಅನಿಸಿಕೊಂಡು ಆ ಮಂಚದ ಪಕ್ಕ ಹೇಗೆ ಕೂರಲಿ ಎಂದನಂತೆ ಮೇಸ್ತ್ರಿ. ಅವಳು ನನ್ನ ಅಂಗಡಿಗೆ ಬಂದು ಇದನ್ನು ಹೇಳಿ, ಇಸ್ತ್ರಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಅವಳು ಹೇಳಿದ್ದು ನಿಜ. ಲಾರಿಯಣ್ಣ ಸಂಜೆ ಬಾಗಿಲು ನೋಡುತ್ತಿದ್ದ. ಬೆಳಗ್ಗೆ ಆರಕ್ಕೆ ಕಿವಿಯನ್ನು ಕಿಟಕಿಗೆ ಕೊಟ್ಟು ಮಲಗಿರುತ್ತಿದ್ದ. ಆ ಲಟಲಟ ಕೇಳಿಸದೆ, ಲಾರಿ ಹೊರಡಲೇ ಇಲ್ಲವೆಂದುಕೊಂಡು ಎಡಗೈಯಿಂದ ಮಂಚ ಗುದ್ದುತ್ತಿದ್ದ. ಅದಕ್ಕೆ ಮಗಳು ಗೇಟು ದಾಟುವಾಗ ಒಂದು ಸಲ ಹಾರ್ನ್ ಹೊಡೆಯುವ ರೂಢಿ ಮಾಡಿಕೊಂಡಳು. ಹಾರ್ನ್ ಕೇಳಿದ ಮೇಲೆ ಗುದ್ದುವುದು ನಿಲ್ಲುತ್ತಿತ್ತು.

ಆದರೆ ಇನ್ನೊಂದು ಶುರುವಾಯಿತು. ಅವನು ಎಡಗೈ ಎತ್ತಿ ಹೆಬ್ಬೆರಳಿಗೆ ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತಿದ್ದ. ನಮ್ಮ ಮುಖ ನೋಡುವುದು, ಬೆರಳು ಉಜ್ಜುವುದು, ಕಿಟಕಿಯ ಕಡೆ ಕಣ್ಣು ಹೊರಳಿಸುವುದು. ದಿನಕ್ಕೆ ಐವತ್ತು ಸಲ. ಬೀದಿ ಮತ್ತೆ ಸಭೆ ಸೇರಿತು. ಊಟಕ್ಕೆ ಉಪ್ಪು ಸಾಲದು ಅನ್ನುತ್ತಿದ್ದಾರೆ ಎಂದು ಅತ್ತಿಗೆ ಒಂದು ಚಿಟಿಕೆ ಜಾಸ್ತಿ ಹಾಕಿದರು. ಅವನು ತಟ್ಟೆ ತಳ್ಳಿದ. ಕಾಂಪೌಂಡರು ನರದ ದೋಷ ಎಂದು ಮಾತ್ರೆ ಕೊಟ್ಟರು. ಪೋಸ್ಟ್‌ಮಾಸ್ಟರು, ಇದು ಸ್ಟಾಂಪು ಬೇರ್ಪಡಿಸುವ ಕ್ರಮ, ಯಾರಿಗೋ ಪತ್ರ ಬರೆಸಬೇಕಂತೆ ಎಂದು ಒಂದು ಗಂಟೆ ಕಾಗದ ಹಿಡಿದು ಕೂತರು. ದುಡ್ಡು ಎಂದವರೂ ಇದ್ದರು. ಆ ಮನೆಯಲ್ಲಿ ಅದು ಇಲ್ಲವೆಂದು ಎಲ್ಲರಿಗೂ ಗೊತ್ತಿದ್ದರಿಂದ ಆ ಮಾತು ಅಲ್ಲೇ ಬಿದ್ದುಹೋಯಿತು. ಡಿಗ್ರಿಗಂತೂ ಸಂಶಯವೇ ಇರಲಿಲ್ಲ. ಹಾಲಿನ ಜಿಡ್ಡು ನೋಡುವುದು ಹೀಗೆಯೇ, ಅಣ್ಣನಿಗೆ ಗಟ್ಟಿ ಹಾಲು ಬೇಕು ಎಂದು ದಿನಾ ಒಂದು ಲೀಟರ್ ಕೆನೆ ಹಾಲು ತಂದು ಕುಡಿಸಿದ. ಲಾರಿಯಣ್ಣನ ಹೊಟ್ಟೆ ಕೆಟ್ಟಿತು.

ನನ್ನ ಸರದಿಯನ್ನೂ ಹೇಳಬೇಕು. ಬಟ್ಟೆಯ ನೂಲು ನೋಡುವವರು ಹಾಗೆಯೇ ಉಜ್ಜುತ್ತಾರೆ. ಹೊಸ ಅಂಗಿ ಕೇಳುತ್ತಿದ್ದಾನೆ ಎಂದೆ. ಒಳ್ಳೆಯ ಮೆತ್ತನೆಯ ಬಟ್ಟೆ ತೆಗೆದು, ಮೈ ಅಳತೆ ತೆಗೆದು ತೊಂದರೆ ಕೊಡುವುದು ಬೇಡವೆಂದು ನನ್ನ ಹಳೆಯ ಪುಸ್ತಕದ ಅಳತೆಗೇ ಹೊಲಿದೆ. ತೊಡಿಸಿದರೆ ಒಳಗೆ ಇನ್ನೊಬ್ಬ ಮಲಗುವಷ್ಟು ಜಾಗ. ತೋಳು ಬೆರಳ ತುದಿಯನ್ನೂ ಮುಚ್ಚಿತು. ಕಲ್ಲಿನ ಲಾರಿ ತಿರುಗಿಸುತ್ತಿದ್ದ ಆ ಭುಜ ಎಲ್ಲಿಗೆ ಹೋಯಿತೋ. ತೋಳಿನೊಳಗಿಂದಲೇ ಅವನು ಬೆರಳು ಉಜ್ಜುತ್ತ ನನ್ನನ್ನು ನೋಡಿದ. ನಾನು ಮೇಸ್ತ್ರಿಯ ಶೆಡ್ಡಿನಲ್ಲಿ ಇದ್ದವನು, ಇದನ್ನೇ ಕಣ್ಣಾರೆ ಕಂಡವನು. ಆದರೂ ನನ್ನ ಮಂಡೆಗೆ ಹೊಳೆಯಲಿಲ್ಲ. ಬಟ್ಟೆ ಹಿಡಿಸಿತಾ ಅಣ್ಣ ಎಂದು ಕೇಳಿದೆ.

ಐದನೆಯ ವಾರ ಅವನು ಊಟ ಬಿಟ್ಟ. ಮಗಳು ಮೂರು ದಿನ ಲಾರಿ ತೆಗೆಯದೆ ಪಕ್ಕದಲ್ಲೇ ಕೂತಳು. ನಾಲ್ಕನೆಯ ದಿನ ಮಧ್ಯಾಹ್ನ, ನಾನು ಯಾರದೋ ಪ್ಯಾಂಟಿಗೆ ಗುಂಡಿ ಹಾಕುತ್ತಿದ್ದಾಗ, ಎದುರುಮನೆಯಿಂದ ಅತ್ತಿಗೆಯ ದನಿ ಕೇಳಿತು. ಸೂಜಿ ಬಿಟ್ಟು ಓಡಿದೆ. ಹೋಗಿಬಿಟ್ಟಿದ್ದ. ಎಡಗೈಯ ಎರಡು ಬೆರಳು ಒಂದಕ್ಕೊಂದು ತಾಗಿಕೊಂಡೇ ಇದ್ದವು.

ಮರುದಿನ ಬೆಳಗ್ಗೆ ಏಳಕ್ಕೆ ಹೊರಡುವುದೆಂದಾಯಿತು. ಸ್ಮಶಾನ ಏರಿನ ಬುಡದಲ್ಲಿದೆ. ಅವನ ಲಾರಿಯಲ್ಲೇ ಅವನನ್ನು ಕರೆದುಕೊಂಡು ಹೋಗುವುದು ಎಂದು ಅತ್ತಿಗೆ ಒಂದೇ ಮಾತು ಹೇಳಿದರು. ಹತ್ತೊಂಬತ್ತು ವರ್ಷ ಕಲ್ಲು ಹೊತ್ತ ತೊಟ್ಟಿಯನ್ನು ಮಗಳು ತಾನೇ ತೊಳೆದು ಹಾಸಿಗೆ ಹಾಸಿದಳು. ನಾನು ಹೊಲಿದ ಅಂಗಿಯಲ್ಲೇ ಅವನನ್ನು ಮಲಗಿಸಿದೆವು. ಎಂಬತ್ತು ಜನ ಬಂದಿದ್ದರು. ನನ್ನ ಕತ್ತರಿ ಮುಟ್ಟಿದರೆ ಬೆರಳು ಜುಂ ಅನ್ನುವಷ್ಟು ಚಳಿ.

ಮಗಳು ಕೀಲಿ ತಿರುಗಿಸಿದಳು. ಲಾರಿ ಊಂ ಎಂದು ನರಳಿತು. ಮತ್ತೆ ತಿರುಗಿಸಿದಳು, ಇನ್ನೂ ಸಣ್ಣಗೆ ಊಂ ಎಂದಿತು. ಮೂರನೆಯ ಸಲ ಟಕ್ ಎಂದು ಸುಮ್ಮನಾಯಿತು.

ಸರ್ಟಿಫಿಕೇಟ್ ಇದೆಯಲ್ಲ ಎಂದರು ಇನ್‌ಸ್ಪೆಕ್ಟರ್. ತಳ್ಳೋಣ ಎಂದ ಡಿಗ್ರಿ. ಎಂಬತ್ತು ಜನ ಸೇರಿ ತಳ್ಳಿದೆವು. ಕಾಂಪೌಂಡರು, ಪೋಸ್ಟ್‌ಮಾಸ್ಟರು, ಠಸ್ಸೆ ಒತ್ತಿದ ಇನ್‌ಸ್ಪೆಕ್ಟರ್, ಎಲ್ಲರೂ ಹೆಗಲು ಕೊಟ್ಟರು. ಲಾರಿ ಅಂಗಳ ದಾಟಿ ಬೀದಿಗೆ ಬಂತು. ಮಗಳು ಗೇರಿನಲ್ಲಿಟ್ಟು ಕ್ಲಚ್ ಬಿಟ್ಟ ಕೂಡಲೇ ಚಕ್ರಗಳು ತಿರುಗುವುದು ಬಿಟ್ಟು ನೆಲ ಉಜ್ಜಿಕೊಂಡು ಹೋದವು, ಲಾರಿ ನನ್ನ ಅಂಗಡಿಯ ಎದುರು ಬೀದಿಗೆ ಅಡ್ಡವಾಗಿ ನಿಂತುಬಿಟ್ಟಿತು. ಆಮೇಲೆ ಅದು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಎರಡೂ ಕಡೆ ಡೇರಿಯ ವ್ಯಾನು, ಶಾಲೆಯ ಬಸ್ಸು ಬಂದು ನಿಂತವು. ಬೇರೆ ಗಾಡಿ ತರಿಸೋಣ ಎಂದು ಯಾರೋ ಅಂದರು.

"ಅವರು ಬೇರೆಯವರ ಗಾಡೀಲಿ ಹೋದವರಲ್ಲ," ಎಂದರು ಅತ್ತಿಗೆ. "ಸಂಜೆ ಆಗ್ಲಿ. ನಾನು ಇಲ್ಲೇ ನಿಂತಿರ್ತೀನಿ."

ಆ ಮಾತು ಕೇಳಿದ ಮೇಲೆ ಡಿಗ್ರಿ ಯಾರ ಮುಖವನ್ನೂ ನೋಡಲಿಲ್ಲ. ಯಾರದೋ ಸೈಕಲ್ ಎಳೆದುಕೊಂಡು ಶೆಡ್ಡಿನ ಕಡೆ ಹೋದ. ಹತ್ತು ನಿಮಿಷಕ್ಕೆ ಸೈಕಲ್ ತಳ್ಳಿಕೊಂಡು ವಾಪಸು ಬಂದ. ಶೆಡ್ಡಿಗೆ ಬೀಗ ಹಾಕಿತ್ತು.

ಹಾಕಿರುತ್ತದೆ ಎಂದು ನನಗೆ ಗೊತ್ತಿತ್ತು. ಮೇಸ್ತ್ರಿ ಆರು ಗಂಟೆಗೇ ನನ್ನ ಅಂಗಡಿಯ ಹಿಂಬಾಗಿಲಿನಿಂದ ಬಂದು, ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡು, ನನ್ನ ಮಿಷನ್ನಿನ ಮುಂದೆ, ಕಿಟಕಿಗೆ ಮುಖ ಮಾಡಿ ಕೂತಿದ್ದ. ಅಲ್ಲಿಗೆ ಹೋಗುವ ಹಾಗಿಲ್ಲ, ಇಲ್ಲಿಂದಲೇ ಕಳಿಸಿಕೊಡುತ್ತೇನೆ ಎಂದಿದ್ದ. ಲಾರಿ ನರಳಿದಾಗಲೆಲ್ಲ ಅವನು ಏಳಲು ಹೋಗಿ ಮತ್ತೆ ಕೂತದ್ದನ್ನು ನಾನು ಅಂಗಳದಿಂದಲೇ ನೋಡಿದ್ದೆ. ಈಗ ಲಾರಿ ಬಂದು ಆ ಕಿಟಕಿಯ ಎದುರೇ ನಿಂತಿತ್ತು. ಡಿಗ್ರಿ ತಲೆ ಎತ್ತಿದವನು ಕಿಟಕಿಯೊಳಗೆ ಅವನನ್ನು ಕಂಡ.

ಡಿಗ್ರಿ ಹೋಗಿ ಕಿಟಕಿಯ ಸರಳು ಹಿಡಿದ. ಎಂಬತ್ತು ಜನರೂ ನೋಡುತ್ತಿದ್ದರು.

"ಅಣ್ಣ ಮಾತಾಡ್ಲೇ ಇಲ್ಲ ಮೇಸ್ತ್ರಿ," ಎಂದ. "ನಾನೇ ಕರೀತಿದ್ದೀನಿ."

ಮೇಸ್ತ್ರಿ ಎದ್ದ. ಒಂದು ಬಟ್ಟೆ ಕೊಡು ಎಂದು ನನ್ನ ಕಡೆ ಕೈ ಚಾಚಿದ. ಅಂಗಡಿಯೊಳಗೆ ಹೋಗಿ ತಡಕಿದರೆ ಲಾರಿಯಣ್ಣನ ಅಂಗಿಯಿಂದ ಉಳಿದಿದ್ದ ತುಂಡೇ ಕೈಗೆ ಸಿಕ್ಕಿತು, ಕೊಟ್ಟೆ. ಅವನು ಬೀದಿಗಿಳಿದು, ಬಾನೆಟ್ ಎತ್ತಿ, ಕಡ್ಡಿ ಎಳೆದು ಆ ಬಟ್ಟೆಯಲ್ಲಿ ಒರೆಸಿದ. ಮತ್ತೆ ಇಳಿಬಿಟ್ಟು ಎಳೆದ. ತುದಿಯ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿ, ಹೆಬ್ಬೆರಳಿಗೆ ತೋರುಬೆರಳನ್ನು ಮೆಲ್ಲಗೆ ಉಜ್ಜಿದ.

ಅತ್ತಿಗೆ ಎರಡು ಹೆಜ್ಜೆ ಮುಂದೆ ಬಂದು ಆ ಬೆರಳುಗಳನ್ನು ನೋಡಿದರು.

"ಉಪ್ಪಲ್ಲ," ಎಂದರು ಅತ್ತಿಗೆ.

ಅಷ್ಟೇ ಅಂದದ್ದು. ಪೋಸ್ಟ್‌ಮಾಸ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಾಂಪೌಂಡರು ನೆಲ ನೋಡಿದರು. ಅಂಗಿಯೂ ಅಲ್ಲ ಎಂದುಕೊಂಡು ನಾನು ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಐದು ವಾರ ಅವನು ಒಂದೇ ಮಾತು ಹೇಳುತ್ತಿದ್ದ. ಅದು ತಿಳಿಯುತ್ತಿದ್ದ ಒಬ್ಬನೇ ಮನುಷ್ಯನನ್ನು ನಾವು ಬಾಗಿಲಿನಿಂದ ದೂರ ಇಟ್ಟಿದ್ದೆವು.

ಮೇಸ್ತ್ರಿ ಲಾರಿಯ ಕೆಳಗೆ ತಗಡಿನಲ್ಲಿ ಕೆಂಡ ಇಡಿಸಿ ಎಣ್ಣೆ ಕರಗಿಸಿದ. ಇಳಿಸಿದ ಎಣ್ಣೆ ಹಿಡಿಯಲು ಪಾತ್ರೆ ಬೇಕೆಂದಾಗ ಡಿಗ್ರಿಯೇ ಓಡಿ ಅಂಗಳದ ಮೂಲೆಯಿಂದ ಆ ಬಕೆಟ್ಟು ತಂದ. ಉಳಿದ ಎಂಟು ಲೀಟರನ್ನು ಖಾಲಿ ಮಾಡಲು ಮೇಸ್ತ್ರಿ ಅದನ್ನು ಹಳೆಯ ಡಬ್ಬವೊಂದಕ್ಕೆ ಬಗ್ಗಿಸಿದ. ಎಣ್ಣೆ ಹಗ್ಗದ ಹಾಗೆ ಇಳಿಯುತ್ತ ಹೋಯಿತು. ಎಲ್ಲ ಇಳಿದ ಮೇಲೆ, ಕೊನೆಗೆ, ತಳದಿಂದ ಗಾಜಿನ ಕಡ್ಡಿಯೊಂದು ಜಾರಿಕೊಂಡು ಅಂಚಿಗೆ ಬಂತು. ಮೇಸ್ತ್ರಿ ಅದನ್ನು ಬೀಳಲು ಬಿಡದೆ ಹಿಡಿದ. ನನ್ನ ಬಟ್ಟೆಯ ತುಂಡಿನಲ್ಲಿ ಒರೆಸಿ ಡಿಗ್ರಿಯ ಕಡೆ ಚಾಚಿದ. ಡಿಗ್ರಿ ಅದನ್ನು ತೆಗೆದುಕೊಂಡ, ಉದ್ದನೆಯ ಜೇಬಿಗೆ ಹಾಕಲು ಹೋದ, ಆಗಲಿಲ್ಲ. ಮೇಸ್ತ್ರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಕ್ಕಳ ಹಾಗೆ ಅತ್ತ. ಅಣ್ಣ ಹೋದಾಗಲೂ ಅವನು ಅಷ್ಟು ಜೋರಾಗಿ ಅತ್ತಿರಲಿಲ್ಲ.

ಶೆಡ್ಡಿನಿಂದ ಬ್ಯಾಟರಿ ಬಂತು, 'ಕಲಬೆರಕೆ' ಎಂದು ಸಹಿ ಹಾಕಿದ್ದ ಡಬ್ಬಿಯೂ ಬಂತು. ಮೇಸ್ತ್ರಿ ಅದನ್ನು ಯಾರಿಗೂ ಮಾರಿರಲಿಲ್ಲ. ಸುರಿದು ಮುಗಿಸಿ, ಕಡ್ಡಿ ಎಳೆದು ನೋಡಿ, ಅದನ್ನು ಹಾಗೇ ಕೈಯಲ್ಲಿ ಹಿಡಿದು ತೊಟ್ಟಿ ಹತ್ತಿದ. ಲಾರಿಯಣ್ಣನ ಎಡಗೈ ಮುಚ್ಚಿದ್ದ ಅಂಗಿಯ ತೋಳನ್ನು ಎರಡು ಮಡಿಕೆ ಮಡಿಸಿದ. ಕಡ್ಡಿಯ ತುದಿಯ ತೊಟ್ಟನ್ನು ಆ ಎರಡು ಬೆರಳಿನ ನಡುವೆ ಹಚ್ಚಿ, ತನ್ನ ಕೈಯಿಂದ ಅವನ ಬೆರಳು ಹಿಡಿದು ಮೆಲ್ಲಗೆ ಉಜ್ಜಿದ. ಹೊಸ ಅಂಗಿಯ ತೋಳಿಗೆ ಎಣ್ಣೆಯ ಕಲೆ ಆಯಿತು. ನಾನು ಹೊಲಿದ ಬಟ್ಟೆಗೆ ಕಲೆ ಮಾಡಿದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಅವತ್ತು ಬಿಟ್ಟೆ.

ಮಗಳು ಕೀಲಿ ತಿರುಗಿಸಿದಳು. ಲಾರಿ ಒಂದು ಸಲ ಕೆಮ್ಮಿ, ಮೈಯೆಲ್ಲ ಅಲುಗಿ, ಲಟಲಟ ಲಟಲಟ ಎಂದು ಎದ್ದಿತು. ಒಳಗೆ ನನ್ನ ಡಬ್ಬಿಯ ಗುಂಡಿಗಳು ಕುಣಿದವು. ಐದು ವಾರದಿಂದ ಆ ಸದ್ದಿಲ್ಲದ ಬೀದಿಯಲ್ಲಿ ನಾವೆಲ್ಲ ಹೊತ್ತು ತಪ್ಪಿ ಏಳುತ್ತಿದ್ದೆವು ಎಂಬುದು ನನಗೆ ಆಗ ನೆನಪಾಯಿತು. ಅತ್ತಿಗೆ ತೊಟ್ಟಿ ಹತ್ತಿ ಗಂಡನ ತಲೆಯ ಬಳಿ ಕೂತು, ಅವನ ಕಿವಿಯ ಹತ್ತಿರ ಬಗ್ಗಿ, ಕೇಳಿಸ್ತಾ ಎಂದರು.

ಬೀದಿಯ ತಿರುವಿನಲ್ಲಿ ಮಗಳ ಕೈ ರೂಢಿಯಂತೆ ಹಾರ್ನಿನ ಕಡೆ ಹೋಯಿತು. ಅಲ್ಲೇ ನಿಂತು ಸ್ಟೇರಿಂಗಿಗೆ ವಾಪಸು ಬಂತು. ಅವತ್ತು ಹಾರ್ನ್ ಬೇಕಾಗಿರಲಿಲ್ಲ.